ಏನೂ ಆಗದ ರಾತ್ರಿ

ರಾತ್ರಿ 2 ಗಂಟೆಗೆ ಮೊಬೈಲ್ ಬಡಿದುಕೊಂಡಿತು. ಸಹೋದ್ಯೋಗಿಯೊಬ್ಬರು ಕ್ಲೌಡ್ ಖಾತೆಯ ರಹಸ್ಯ ಕೀಲಿಯನ್ನು ಕೋಡ್ ಜೊತೆಗೇ ಕೋಡ್ ಹಂಚಿಕೊಳ್ಳುವ ತಾಣ ಗಿಟ್‌ಹಬ್‌ನಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿಬಿಟ್ಟಿದ್ದರು. ‘ಆ ಸಾಲು ಅಳಿಸಿದ್ದೇನೆ, ಇನ್ನು ಭಯವಿಲ್ಲ’ ಎಂದರು, ಪಾಪ. ಕೋಡ್‌ನ ಬದಲಾವಣೆಗಳನ್ನೆಲ್ಲ ದಾಖಲಿಸಿಡುವ ಗಿಟ್ ಯಾವುದನ್ನೂ ಅಷ್ಟು ಸುಲಭವಾಗಿ ಮರೆಯುವುದಿಲ್ಲ. ಅಳಿಸಿದ ಸಾಲು ಹಳೆಯ ಕಮಿಟ್‌ನಲ್ಲಿ, ಅಂದರೆ ಹಿಂದೆ ಉಳಿಸಿದ ಆವೃತ್ತಿಯಲ್ಲಿ, ಹಾಗೆಯೇ ಕುಳಿತಿರುತ್ತದೆ. ಇಂಥ ಕೀಲಿಗಳನ್ನೇ ಹುಡುಕಿ ಅಲೆಯುವ ಬಾಟ್‌ಗಳಿಗೆ ನಿದ್ದೆಯೂ ಇಲ್ಲ. ಕೀಲಿಯನ್ನೇ ರದ್ದು ಮಾಡಿ, ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಖಾತೆಯ ಬಳಕೆಯ ದಾಖಲೆ, ಅಂದರೆ ಲಾಗ್, ಓದಿದೆ. 2021ರ ಡಿಸೆಂಬರ್‌ನಲ್ಲಿ, ಲಾಗ್‌ಫೋರ್‌ಶೆಲ್ ಎಂಬ ಭದ್ರತಾ ಲೋಪ ಬಯಲಾದ ಕಾಲದಲ್ಲಿ, ಕಳೆದ ರಾತ್ರಿಗಳು ನೆನಪಾದವು. ಸದ್ಯ, ಈ ಕೀಲಿಯನ್ನು ಯಾರೂ ಬಳಸಿರಲಿಲ್ಲ.

ನಮ್ಮ ಸೈಬರ್ ಭದ್ರತೆಯ ಕೆಲಸ ಚೆನ್ನಾಗಿ ನಡೆದರೆ ತೋರಿಸಲು ಏನೂ ಉಳಿಯುವುದಿಲ್ಲ. ಬೆಳಿಗ್ಗೆ ಮ್ಯಾನೇಜರ್ ‘ರಾತ್ರಿ ಏನಾದರೂ ಆಯಿತೇ?’ ಎಂದು ಕೇಳಿದರು.

‘ಏನೂ ಇಲ್ಲ ಸರ್’ ಎಂದು ಆಕಳಿಸಿದೆ.