ಹುಸಿ ಕಿಸೆ

ಮಗಳಿಗೆ ನಾಲ್ಕು ವರ್ಷ. ದಾರಿಯಲ್ಲಿ ಸಿಕ್ಕ ಕಲ್ಲು, ಬೀಜ, ಬಾಟಲಿ ಮುಚ್ಚಳ ಯಾವುದನ್ನೂ ಬಿಡುವವಳಲ್ಲ. ಮೊನ್ನೆ ಪಾರ್ಕಿನಲ್ಲಿ ಹೊಸ ಪ್ಯಾಂಟಿನ ಕಿಸೆಗೆ ಒಂದು ಕಲ್ಲು ತುರುಕಲು ಹೋದಳು. ಕೈ ಒಳಗೆ ಇಳಿಯಲಿಲ್ಲ. ಬಗ್ಗಿ ನೋಡಿದೆ. ಕಿಸೆಯ ಬಾಯಿ ಇರಬೇಕಾದಲ್ಲಿ ಎರಡು ಸಾಲು ಹೊಲಿಗೆ ಇತ್ತು, ಅಂದಕ್ಕೊಂದು ಗುಂಡಿಯೂ ಇತ್ತು, ಕಿಸೆ ಮಾತ್ರ ಇರಲಿಲ್ಲ. ಅದೇ ಅಂಗಡಿಯಲ್ಲಿ ಅದೇ ಬೆಲೆಗೆ ಕೊಂಡ ಅವಳ ಅಣ್ಣನ ಪ್ಯಾಂಟಿಗೆ ನಾಲ್ಕು ಕಿಸೆಗಳಿವೆ. ಅವನೋ, ಅವುಗಳಲ್ಲಿ ಏನನ್ನೂ ಇಡುವುದಿಲ್ಲ.

ನಾವಿರುವುದು ಕ್ಯಾಲಿಫೋರ್ನಿಯದಲ್ಲಿ. ಇಲ್ಲಿ 500 ಅಥವಾ ಹೆಚ್ಚು ನೌಕರರಿರುವ ದೊಡ್ಡ ಮಳಿಗೆಗಳು ಆಟಿಕೆಗಳಿಗೆ ಗಂಡು-ಹೆಣ್ಣೆಂಬ ಹಣೆಪಟ್ಟಿಯಿಲ್ಲದ ವಿಭಾಗವೊಂದನ್ನು ಇಡಲೇಬೇಕೆಂಬ ಕಾನೂನು 2024ರ ಜನವರಿ 1ರಿಂದ ಜಾರಿಯಲ್ಲಿದೆ. ತಪ್ಪಿದರೆ ದಂಡ. ಆದರೆ ಬಟ್ಟೆ ಅದರ ವ್ಯಾಪ್ತಿಗೆ ಬರುವುದಿಲ್ಲ. ಹಾಗಾಗಿ ಡೈನೋಸಾರ್, ರಾಕೆಟ್‌ಗಳು ಈ ಕಡೆ. ಚಿಟ್ಟೆ, ಮಿಂಚುಪುಡಿ ಆ ಕಡೆ.

ಗುಲಾಬಿ ಹುಡುಗಿಯರಿಗೆ, ನೀಲಿ ಹುಡುಗರಿಗೆ ಎಂಬ ಬಣ್ಣದ ಕಟ್ಟಳೆಯೂ ಅನಾದಿಯದೇನಲ್ಲ. 1918ರಲ್ಲಿ ಇಲ್ಲಿನ ಮಕ್ಕಳ ಉಡುಪಿನ ವ್ಯಾಪಾರಿ ಪತ್ರಿಕೆಯೊಂದು, ಗುಲಾಬಿ ಗಟ್ಟಿ ಬಣ್ಣ, ಅದು ಹುಡುಗರಿಗೆ. ನೀಲಿ ನಾಜೂಕು, ಅದು ಹುಡುಗಿಯರಿಗೆ ಎಂದು ಬರೆದಿತ್ತು. ಮುಂದೆ ಅಮೆರಿಕದ ಅಧ್ಯಕ್ಷರಾದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ 1884ರ ಫೋಟೊ ಒಂದಿದೆ. ಎರಡೂವರೆ ವರ್ಷದ ಗಂಡುಮಗು ಬಿಳಿ ಲಂಗ ತೊಟ್ಟು, ಉದ್ದ ಕೂದಲು ಇಳಿಬಿಟ್ಟು ಕುಳಿತಿದೆ. ಹೆಂಡತಿಗೆ ತೋರಿಸಿದೆ. "ನಿಮ್ಮದೂ ಒಂದು ಇದೆಯಲ್ಲ" ಎಂದು ನಕ್ಕಳು. ಇದೆ, ಗುಳೇದಗುಡ್ಡದ ನಮ್ಮ ಪಡಸಾಲೆಯ ಗೋಡೆಯ ಮೇಲೆ. ಜವಳಕ್ಕೆ ಮುಂಚೆ ಜಡೆ ಹೆಣೆದು, ಮಲ್ಲಿಗೆ ಮುಡಿಸಿ, ಖಣದ ಪರಕಾರ ಉಡಿಸಿ ಸ್ಟುಡಿಯೋದಲ್ಲಿ ತೆಗೆಸಿದ್ದು. ಊರಲ್ಲಿ ಯಾರಿಗೂ ಅದು ವಿಚಿತ್ರವೆನಿಸಲಿಲ್ಲ. ಹಾಗೆಂದು ಊರನ್ನು ಹೊಗಳಿ ಕೂರುವಂತಿಲ್ಲ: ಕೂದಲು ಹೋದ ಮೇಲೆ ನಾನು ಉಂಡ ತಾಟನ್ನು ಎತ್ತಿದವಳು ಅಕ್ಕ.

ಇನ್ನು ಟಿವಿ. ಮಗಳ ಅಚ್ಚುಮೆಚ್ಚು ಪಾ ಪಟ್ರೋಲ್, ನಾಯಿಮರಿಗಳ ರಕ್ಷಣಾ ಪಡೆಯೊಂದರ ಕಾರ್ಟೂನ್. 2013ರಲ್ಲಿ ಶುರುವಾದಾಗ ಆ ಪಡೆಯ ಆರು ನಾಯಿಮರಿಗಳಲ್ಲಿ ಹೆಣ್ಣು ಒಂದೇ, ಸ್ಕೈ. ಅದಕ್ಕೆ ಗುಲಾಬಿ ಅಂಗಿ. ಹೆಲಿಕಾಪ್ಟರ್ ಹಾರಿಸುವುದು ಅದೇ ಎಂಬುದನ್ನೂ ಹೇಳಬೇಕು, ಇಲ್ಲವಾದರೆ ಮಗಳು ಬಿಡುವುದಿಲ್ಲ. ಆದರೆ ಆಟಕ್ಕಿಳಿದಾಗ ಲೆಕ್ಕ ತಪ್ಪುತ್ತದೆ. ಹುಡುಗರು ಐದು ಪಾತ್ರ ಹಂಚಿಕೊಂಡು ಓಡಿದರೆ, ಮೂವರು ಹುಡುಗಿಯರು ಒಂದು ಸ್ಕೈಗಾಗಿ ಜಗಳವಾಡುತ್ತಾರೆ. "ನೀನು ಬುಲ್ಡೋಜರ್ ಓಡಿಸುವ ರಬಲ್ ಆಗು" ಎಂದೆ. "ಅಪ್ಪಾ, ಅದು ಹುಡುಗ!" ಎಂದಳು, ದಡ್ಡನಿಗೆ ತಿಳಿಹೇಳುವಂತೆ.

ಅವ್ವ ಈಗ ನಮ್ಮೊಂದಿಗಿದ್ದಾಳೆ. ಪ್ಯಾಂಟನ್ನು ಅವಳ ಕೈಗೆ ಕೊಟ್ಟೆ. ಹೆಬ್ಬೆರಳಿನಿಂದ ಹೊಲಿಗೆಯನ್ನು ಒತ್ತಿ, ಒಳಮಗ್ಗುಲು ಹೊರಳಿಸಿ ನೋಡಿದಳು. "ತಮ್ಮಾ, ಇವರು ಉಳಿಸಿದ್ದು ಅರಿವೆಯನ್ನೋ, ಬುದ್ಧಿಯನ್ನೋ?" ಎಪ್ಪತ್ತು ದಾಟಿದರೂ ಅವಳ ಸೊಂಟದಿಂದ ಸಂಚಿ ಕದಲಿಲ್ಲ: ಒಂದು ಪದರಿನಲ್ಲಿ ಎಲೆ, ಇನ್ನೊಂದರಲ್ಲಿ ಅಡಿಕೆ, ಒಳಗಿನದರಲ್ಲಿ ಅಪ್ಪನಿಗೂ ಲೆಕ್ಕ ಕೊಡದ ದುಡ್ಡು. ಸೊಸೆಯ ಕುಪ್ಪಸಕ್ಕೆಂದು ತಂದಿದ್ದ ಕೆಂಪು ಖಣದಲ್ಲಿ ಉಳಿದ ತುಂಡನ್ನು ಕತ್ತರಿಸಿ, ಪ್ಯಾಂಟಿನ ಹೊಲಿಗೆ ಬಿಚ್ಚಿ, ಕೈಹೊಲಿಗೆಯಲ್ಲೇ ಎರಡು ಕಿಸೆ ಕೂರಿಸಿದಳು. ಕಲ್ಲಿನ ಭಾರಕ್ಕೆ ಹರಿಯದಿರಲೆಂದು ತಳಕ್ಕೆ ಎರಡು ಸುತ್ತು ದಾರ.

ಇವತ್ತು ಬೆಳಿಗ್ಗೆ ಮಗ ತನ್ನ ನಾಲ್ಕು ಕಿಸೆಯ ಪ್ಯಾಂಟನ್ನು ಹಿಡಿದು ಆಯಿಯ ಮುಂದೆ ನಿಂತಿದ್ದ. ಅವನಿಗೂ ಕೆಂಪು ಕಿಸೆ ಬೇಕಂತೆ.