ಮೂರು ದಿನ ಶಾಲೆ, ಎರಡು ದಿನ ಮನೆ

ನಾವಿರುವುದು ಇಂಗ್ಲೆಂಡಿನ ಒಂದು ಹಳ್ಳಿಯಲ್ಲಿ. ಇಯರ್ ಫೋರ್, ಅಂದರೆ ಎಂಟೊಂಬತ್ತು ವರ್ಷದ ಮಕ್ಕಳ ತರಗತಿಯಲ್ಲಿ ಓದುವ ಮಗಳು ಸೋಮವಾರದಿಂದ ಬುಧವಾರದವರೆಗೆ ಶಾಲೆಗೆ ಹೋಗುತ್ತಾಳೆ. ಗುರುವಾರ, ಶುಕ್ರವಾರ ಮನೆಯಲ್ಲಿ ನನ್ನೊಡನೆ ಕಲಿಯುತ್ತಾಳೆ. ಇಲ್ಲಿ ಇದಕ್ಕೆ ಫ್ಲೆಕ್ಸಿ ಸ್ಕೂಲಿಂಗ್ ಎನ್ನುತ್ತಾರೆ. ನಮ್ಮೂರು ಸಾಗರದಿಂದ ಫೋನ್ ಮಾಡಿದವರೆಲ್ಲ ಕೇಳುವುದು ಒಂದೇ: "ಹಾಗೆಲ್ಲ ಬಿಡುತ್ತಾರೆಯೇ?"

ಬಿಡುತ್ತಾರೆ, ಆದರೆ ಅದು ನಮ್ಮ ಹಕ್ಕಲ್ಲ. ಮಗುವನ್ನು ಪೂರ್ತಿ ಮನೆಯಲ್ಲೇ ಓದಿಸಲು 1996ರ ಶಿಕ್ಷಣ ಕಾಯ್ದೆಯಲ್ಲಿ ಅವಕಾಶವಿದೆ. ಅರ್ಧ ಅಲ್ಲಿ, ಅರ್ಧ ಇಲ್ಲಿ ಎಂದರೆ ಮಾತ್ರ ಮುಖ್ಯೋಪಾಧ್ಯಾಯರು ಒಪ್ಪಬೇಕು. ಅವರು ಬೇಡವೆಂದರೆ ಮೇಲ್ಮನವಿ ಇಲ್ಲ. ನಮ್ಮ ಮುಖ್ಯೋಪಾಧ್ಯಾಯಿನಿ ಒಪ್ಪಿದರು. ಮನೆಯ ದಿನಗಳಿಗೆ ಹಾಜರಿಯಲ್ಲಿ ‘ಸಿ’ ಎಂದು ಗುರುತು ಹಾಕುತ್ತಾರೆ, ಅಂದರೆ ಅನುಮತಿ ಪಡೆದ ಗೈರುಹಾಜರಿ. ಮಗಳು ಒಂದು ದಿನವೂ ತಪ್ಪಿಸದೆ ಹೋದರೂ ವರದಿಯಲ್ಲಿ ಹಾಜರಿ ಶೇ. 60. ಶಾಲೆಯ ಒಟ್ಟು ಲೆಕ್ಕವೂ ಅದರಿಂದ ಇಳಿಯುತ್ತದೆ. ಅದು ಗೊತ್ತಿದ್ದೂ ಅವರು ಒಪ್ಪಿದ್ದಕ್ಕೆ ನಾನು ಋಣಿ.

ಯಾವ ದಿನ ಮನೆ ಎಂಬುದರಲ್ಲಿ ನಾನು ಮೊದಲು ಎಡವಿದೆ. ನನ್ನ ಕೆಲಸಕ್ಕೆ ಹೊಂದುತ್ತದೆಂದು ಸೋಮವಾರ, ಶುಕ್ರವಾರ ಕೇಳಿಕೊಂಡೆ. ಶಾಲೆಯಲ್ಲಿ ಹೊಸ ಪಾಠ ತೆಗೆಯುವುದು ಸೋಮವಾರವೇ. ಒಂದು ಮಂಗಳವಾರ ಸಂಜೆ ಅವಳ ಗಣಿತದ ಪುಸ್ತಕ ಬಿಚ್ಚಿದೆ. ಮೇಲೆ ತಾರೀಖು, ಕೆಳಗೆ ನಾಲ್ಕು ಭಾಗ ಮಾಡಿದ ಒಂದು ವೃತ್ತ, ಅದಕ್ಕೆ ಬಣ್ಣವೇ ತುಂಬಿರಲಿಲ್ಲ. "ಎಲ್ಲರಿಗೂ ಗೊತ್ತಿತ್ತು, ನನಗೆ ಮಾತ್ರ ಗೊತ್ತಿರಲಿಲ್ಲ ಅಮ್ಮ" ಎಂದಳು. ಮರುದಿನವೇ ಹೋಗಿ ದಿನ ಬದಲಿಸಿಕೊಂಡು ಬಂದೆ. ನೀವೂ ಹೀಗೆ ಮಾಡುವುದಾದರೆ ಮೊದಲು ತರಗತಿಯ ವೇಳಾಪಟ್ಟಿ ನೋಡಿ, ನಿಮ್ಮ ಅನುಕೂಲ ಆಮೇಲೆ. ಈಗ ಬುಧವಾರ ಸಂಜೆ ಟೀಚರ್ ಚೀಲದಲ್ಲಿ ಚೀಟಿ ಇಡುತ್ತಾರೆ: ವಾರದ ಪಾಠ ಎಲ್ಲಿಗೆ ಬಂತು, ಇನ್ನೆರಡು ದಿನ ಏನು ನಡೆಯುತ್ತದೆ ಎಂದು.

ಗುರುವಾರ ಬೆಳಿಗ್ಗೆ ಒಂಬತ್ತೂವರೆಗೆ ಸಾಗರದ ಅಜ್ಜನೊಡನೆ ಮಗ್ಗಿ. ಬೇಸಿಗೆಯಲ್ಲಿ ಅಲ್ಲಿ ಆಗ ಎರಡು ಗಂಟೆ, ಊಟ ಮುಗಿಸಿದ ಅಜ್ಜ ತೂಕಡಿಸುತ್ತಾರೆ. ಅಕ್ಟೋಬರ್ ಕೊನೆಯಲ್ಲಿ ಇಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದ ಮೇಲೆ ಅಲ್ಲಿ ಮೂರಾಗುತ್ತದೆ, ನಿದ್ದೆ ಮುಗಿಸಿ ಹುರುಪಿನಲ್ಲಿರುತ್ತಾರೆ. ಜೂನಿನಲ್ಲಿ ಇಯರ್ ಫೋರ್ ಮಕ್ಕಳಿಗೆ ಮಗ್ಗಿಯ ಪರೀಕ್ಷೆಯಿದೆ: 25 ಪ್ರಶ್ನೆ, ಒಂದೊಂದಕ್ಕೆ 6 ಸೆಕೆಂಡು. ಅದನ್ನು ಕೇಳಿದಂದಿನಿಂದ ಅಜ್ಜ ಕೈಗಡಿಯಾರ ಬಿಚ್ಚಿ ಫೋನಿನ ಮುಂದೆ ಇಟ್ಟುಕೊಂಡೇ ಕೂರುತ್ತಾರೆ. ಅವಳು "ಏಳೆಂಟ್ಲೆ ಐವತ್ತಾರು" ಎಂದಾಗ "ನಾಲ್ಕೇ ಸೆಕೆಂಡು, ಮುಂದಿನದು ಹೇಳು ಪುಟ್ಟಿ" ಎನ್ನುತ್ತಾರೆ.