ಊರ ಕೋಳಿಯ ಜೊತೆ ಕಿಗೋಮಾಕ್ಕೆ

ಕಾಗದ ಬಂದಾಗ ಡಿಸ್ಪೆನ್ಸರಿಯಲ್ಲಿ ಒಂದು ಮಗುವಿನ ಬೆರಳು ಚುಚ್ಚಿ ಮಲೇರಿಯಾ ಪರೀಕ್ಷೆ ಮಾಡುತ್ತಿದ್ದೆ. ಮಗು ಸುಮ್ಮನಾದ ಮೇಲೆ ಓದಿದೆ. ಟಾಂಜಾನಿಯಾದ ಮೊರೊಗೊರೊದಿಂದ ದೇಶದ ಪಶ್ಚಿಮ ತುದಿಯ ಕಿಗೋಮಾಕ್ಕೆ ವರ್ಗ. ಹೊರಡಲು ಮೂರು ವಾರ ಸಮಯ.

ನಮ್ಮಂಥ ಕಥೋಲಿಕ ಸಿಸ್ಟರ್‌ಗಳಿಗೆ ವರ್ಗ ಹೊಸದಲ್ಲ. ಕಳಿಸಿದಲ್ಲಿಗೆ ಹೋಗುತ್ತೇವೆ ಎಂದು ವ್ರತದ ದಿನವೇ ಮಾತು ಕೊಟ್ಟಿರುತ್ತೇವೆ. ಆದರೂ ಮಂಗಳೂರು ಬಿಟ್ಟು ಟಾಂಜಾನಿಯಾಕ್ಕೆ ಬಂದಾಗ ಆಗದಷ್ಟು ಸಂಕಟ ಈ ಸಲ ಆಯಿತು. ಆಗ ಹಿಂದೆ ಅಮ್ಮ ಇದ್ದಳು, ಮನೆ ಇತ್ತು, ರಜೆಗೆ ಹೋಗಬಹುದಿತ್ತು. ಇಲ್ಲಿಂದ ಎದ್ದು ಹೋದರೆ ಮತ್ತೆ ಬರುತ್ತೇನೆ ಅನ್ನುವುದಕ್ಕೆ ಯಾವ ನೆವ ಇದೆ?

ಮೊರೊಗೊರೊ ಇರುವುದು ಉಲುಗುರು ಬೆಟ್ಟಗಳ ಬುಡದಲ್ಲಿ. ಬೆಳಿಗ್ಗೆ ಮೋಡ ಕೂತಿದ್ದರೆ ಚಾರ್ಮಾಡಿ ಕಡೆ ನೋಡಿದ ಹಾಗೇ ಇರುತ್ತದೆ. ಅಲ್ಲಿನ ಲುಗುರು ಜನರಲ್ಲಿ ವಂಶ ನಡೆಯುವುದು ತಾಯಿಯ ಕಡೆಯಿಂದ. ನಮ್ಮ ತುಳುನಾಡಿನ ಅಳಿಯಕಟ್ಟಿನ ಬಗ್ಗೆ ಒಮ್ಮೆ ಹೇಳಿದಾಗ ಪಕ್ಕದ ಮನೆಯ ಅಜ್ಜಿ, "ಹಾಗಾದರೆ ನೀವೂ ನಮ್ಮವರೇ ಅಲ್ವಾ!" ಅಂದಿದ್ದರು. ಎಲ್ಲರೂ ಅವರನ್ನು ಬಿಬಿ ಅನ್ನುತ್ತಿದ್ದೆವು. ಸ್ವಾಹಿಲಿಯಲ್ಲಿ ಬಿಬಿ ಅಂದರೆ ಅಜ್ಜಿ.

ನನಗೆ ಸ್ವಾಹಿಲಿ ಬಂದಿದ್ದು ಬಿಬಿಯ ಅಂಗಳದಲ್ಲಿ. ತರಗತಿಗೆ ಹೋಗಿದ್ದೆ, ಆದರೆ ಬಾಯಿ ತೆರೆಸಿದ್ದು ಅವರು. ಅವರು ಬೀನ್ಸ್ ಕಾಳು ಆರಿಸುತ್ತಾ ಒಂದೊಂದೇ ಮಾತು ಹೇಳುವರು, ನಾನು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದೆ. ಸ್ವಾಹಿಲಿ ನಮ್ಮ ಅಕ್ಷರಕ್ಕೆ ಎಷ್ಟು ಚೆನ್ನಾಗಿ ಹೊಂದುತ್ತದೆ ಗೊತ್ತಾ! ಹೇಳಿದ ಹಾಗೇ ಬರೆಯಬಹುದು. ಹಿರಿಯರನ್ನು ಕಂಡರೆ ಕಿರಿಯರು 'ಶಿಕಾಮೂ' ಅನ್ನಬೇಕು. ಕಾಲು ಹಿಡಿಯುತ್ತೇನೆ ಅನ್ನುವ ಅರ್ಥದ ಮಾತಂತೆ. ಹಿರಿಯರು 'ಮರಹಾಬಾ' ಅನ್ನುತ್ತಾರೆ. ಅದನ್ನು ಕೇಳಿದಾಗೆಲ್ಲ, ನಮ್ಮ ಮನೆಯಲ್ಲಿ ಸಂಜೆ ತೇರ್ಸ್, ಅಂದರೆ ಜಪಮಾಲೆ ಪ್ರಾರ್ಥನೆ, ಮುಗಿದ ಮೇಲೆ ಮಕ್ಕಳೆಲ್ಲ ಸಾಲಾಗಿ ನಿಂತು ದೊಡ್ಡವರ ಬೆಸಾಂವ್, ಅಂದರೆ ಆಶೀರ್ವಾದ, ಕೇಳುತ್ತಿದ್ದದ್ದು ನೆನಪಾಗುತ್ತಿತ್ತು.

ಹೊರಡುವ ಸಂಜೆ ಬಿಬಿ ಒಂದು ಹೇಂಟೆ ತಂದರು. ಕಂದು ಬಣ್ಣ, ಕತ್ತಿನ ಹತ್ತಿರ ಕಪ್ಪು ಚುಕ್ಕೆ. ಎರಡು ಕಾಲನ್ನೂ ಕತ್ತಾಳೆ ನಾರಿನಿಂದ ಕಟ್ಟಿದ್ದರು, ಕಾಲಿಗೆ ನೋಯಬಾರದೆಂದು ಗಂಟಿನ ಕೆಳಗೆ ಬಟ್ಟೆಯ ಚೂರು ಸುತ್ತಿದ್ದರು. "ಕುಕು ವಾ ಕ್ಯೆನ್ಯೇಜಿ" ಅಂದರು. ಅಂದರೆ ಊರ ಕೋಳಿ. ಫಾರಂ ಕೋಳಿಯಲ್ಲ ಅಂತ ಹೇಳಲು ನಾವು ಬಳಸುವ ಮಾತೇ! ಬೇಡ ಅನ್ನುವ ಹಾಗಿಲ್ಲ. ನಾನು ಶಿಕಾಮೂ ಅಂದೆ. ಅವರಿಗೆ ಮರಹಾಬಾ ಅನ್ನಲು ಗಂಟಲು ಬಿಡಲಿಲ್ಲ, ತಲೆ ಸವರಿದರು.

ರಾತ್ರಿ ರೈಲು ಹತ್ತಿದೆ. ರಾಜಧಾನಿ ದೊದೊಮಾವರೆಗೆ 2024ರಿಂದ ವಿದ್ಯುತ್ ರೈಲು ಓಡುತ್ತಿದೆ, ನನ್ನ ಪ್ರಯಾಣ ಅದಕ್ಕಿಂತ ಮೊದಲಿನದು, ಹಳೆಯ ಮೀಟರ್‌ಗೇಜ್ ಹಳಿಯ ಮೇಲೆ. ದಾರ್ ಎಸ್ ಸಲಾಮ್‌ನಿಂದ ಕಿಗೋಮಾಕ್ಕೆ ಸುಮಾರು 1250 ಕಿ.ಮೀ. ಜರ್ಮನ್ನರ ಆಡಳಿತದಲ್ಲಿ ಹಾಕಿದ ಈ ಹಳಿ 1914ರಲ್ಲಿ ಕಿಗೋಮಾ ಮುಟ್ಟಿತು. ಅದಕ್ಕೂ ಮೊದಲು ಹೆಚ್ಚುಕಡಿಮೆ ಇದೇ ದಾರಿಯಲ್ಲಿ ಗುಲಾಮರನ್ನು ಸರಪಳಿ ಹಾಕಿ ಕಿಗೋಮಾ ಪಕ್ಕದ ಉಜಿಜಿಯಿಂದ ಕಡಲತೀರದ ಬಾಗಮೊಯೊವರೆಗೆ ನಡೆಸಿಕೊಂಡು ಹೋಗುತ್ತಿದ್ದರು. ನಾನು ಬರ್ತ್ ಮೇಲೆ ಮಲಗಿ ಅಳುತ್ತಾ ಹೋಗುತ್ತಿದ್ದೆ. ಅದು ನೆನಪಾದಾಗ ಎದ್ದು ಕೂತೆ.

ಬೆಳಿಗ್ಗೆ ದೊದೊಮಾ. ಆಮೇಲೆ ದಿನವಿಡೀ ಕುರುಚಲು, ಒಣ ಬಯಲು, ಅಲ್ಲಲ್ಲಿ ದಪ್ಪ ಹೊಟ್ಟೆಯ ಬಾವೋಬಾಬ್ ಮರ. ಹೆಂಗಸರ ಕಂಪಾರ್ಟ್‌ಮೆಂಟಿನಲ್ಲಿ ಆರು ಜನ ಇದ್ದೆವು. ಕೋಳಿಗೆ ಎಲ್ಲರೂ ನೀರು ಕೊಟ್ಟರು, ಒಬ್ಬರು ಜೋಳ ಹಾಕಿದರು. ರಾತ್ರಿ ತಬೋರಾ. ಮ್ವಾಂಝಾ ಕಡೆಯ ದಾರಿ ಇಲ್ಲಿ ಕವಲೊಡೆಯುತ್ತದೆ. ಆ ಕತ್ತಲಲ್ಲೂ ಕಿಟಕಿ ಕೆಳಗೆ ಜೇನುತುಪ್ಪದ ಬಾಟಲಿ ಹಿಡಿದು ಹೆಂಗಸರು ಕೂಗುತ್ತಿದ್ದರು. ಒಂದು ಕೊಂಡೆ. ಕಡುಕಂದು ಬಣ್ಣ, ಸ್ವಲ್ಪ ಹೊಗೆಯ ವಾಸನೆ, ಕೊಡಗಿನ ಜೇನಿಗಿಂತ ಗಟ್ಟಿ.

ನಿದ್ದೆ ಬರದೆ ನೋಟ್‌ಬುಕ್ ತೆಗೆದೆ. ಆಗ ಕಿಟೆಲ್ ನೆನಪಾದರು. ಅವರು ಪ್ರೊಟೆಸ್ಟಂಟರ ಬಾಸೆಲ್ ಮಿಷನ್ನಿನವರು, ನಾನು ಕಥೋಲಿಕಳು, ಆದರೂ ಅವರ ಮೇಲೆ ನನಗೆ ತುಂಬ ಗೌರವ. 1853ರಲ್ಲಿ ಜರ್ಮನಿಯಿಂದ ನಮ್ಮ ನಾಡಿಗೆ ಬಂದವರು ಧಾರವಾಡ, ಮಂಗಳೂರು, ಮಡಿಕೇರಿ ಎಂದು ಜಾಗ ಬದಲಿಸುತ್ತಲೇ ಇದ್ದರು. 1894ರಲ್ಲಿ ಬಂದ ಅವರ ಕನ್ನಡ ನಿಘಂಟು ಇವತ್ತಿಗೂ ನಮಗೆ ಬೇಕು. ಒಂದೊಂದು ಊರು ಬಿಡುವಾಗಲೂ ಅವರಿಗೆ ಮಾತು ಕಲಿಸಿದ ಯಾವುದೋ ಅಂಗಳ ಹಿಂದೆ ಉಳಿದಿರುತ್ತದೆ. ಆ ಅಜ್ಜಿಯಂದಿರ ಹೆಸರನ್ನು ಯಾರೂ ಬರೆದಿಡಲಿಲ್ಲವಲ್ಲ ಎಂದು ಆ ರಾತ್ರಿ ಬಹಳ ಬೇಸರವಾಯಿತು.

ಮಲಗರಾಸಿ ನದಿ, ಉಪ್ಪಿಗೆ ಹೆಸರಾದ ಉವಿಂಝಾ, ಆಮೇಲೆ ಎಣ್ಣೆತಾಳೆ ಮರಗಳು. ಮಧ್ಯಾಹ್ನ ಕಿಗೋಮಾ. ನಿಲ್ದಾಣದಿಂದ ಹೊರಗೆ ಬಂದರೆ ಎದುರಿಗೇ ಟಾಂಗನ್ಯೀಕಾ ಸರೋವರ. ಉದ್ದ ಸುಮಾರು 670 ಕಿ.ಮೀ., ಆಳ 1470 ಮೀಟರ್. ಆಚೆ ದಡದಲ್ಲಿ ಕಾಂಗೊ. ಕಡಲ ಹತ್ತಿರ ಹುಟ್ಟಿದ ನನಗೆ ಉಪ್ಪಿನ ವಾಸನೆ ಇಲ್ಲದ ಆ ಅಲೆ ವಿಚಿತ್ರ ಅನಿಸಿತು. ಆದರೆ ದಡದಲ್ಲಿ ಹರವಿದ್ದ ದಗಾ ಎಂಬ ಸಣ್ಣ ಮೀನಿನ ವಾಸನೆ ಥೇಟ್ ನಮ್ಮ ಒಣಮೀನಿನದೇ.

ಹೊಸ ಡಿಸ್ಪೆನ್ಸರಿಯ ಬಾಗಿಲಲ್ಲಿ ಅಡುಗೆಯ ಅಮ್ಮ "ಪೋಲೆ ನಾ ಸಫಾರಿ" ಅಂದರು. ದಾರಿಯ ಆಯಾಸಕ್ಕೆ ಸಮಾಧಾನ ಹೇಳುವ ಮಾತು ಅದು. ಕೋಳಿಯ ಬುಟ್ಟಿ ನೋಡಿ, "ರಾತ್ರಿಗೆ ಮಾಡಲಾ?" ಎಂದು ಕೇಳಿದರು.

"ಬೇಡಮ್ಮಾ, ಅದು ಮೊಟ್ಟೆ ಇಡಲಿ," ಅಂದೆ.

ನಾರು ಬಿಚ್ಚಿದೆ. ಕೋಳಿ ಸ್ವಲ್ಪ ಹೊತ್ತು ನಿಂತಲ್ಲೇ ನಿಂತಿತು. ಆಮೇಲೆ ಒಂದು ಕಾಲು ಎತ್ತಿ, ಮಣ್ಣು ಕೆದಕಿತು. ಇಲ್ಲಿಯವರ ಮನೆಮಾತು ಸ್ವಾಹಿಲಿಯಲ್ಲ, ಕಿಹಾ. ನನಗೆ ಅದರ ಒಂದು ಮಾತೂ ಬಾರದು. "ಕೋಳಿಗೆ ನಿಮ್ಮ ಮಾತಲ್ಲಿ ಏನಂತೀರಿ?" ಎಂದು ಕೇಳಿದೆ. ಹೇಳಿದರು. ತಪ್ಪು ಹೇಳಿದೆ, ನಕ್ಕು ಇನ್ನೊಮ್ಮೆ ಹೇಳಿಕೊಟ್ಟರು. ನೋಟ್‌ಬುಕ್ಕಿನ ಹೊಸ ಹಾಳೆ ತಿರುಗಿಸಿ ಕನ್ನಡದಲ್ಲಿ ಬರೆದುಕೊಂಡೆ.